ಗಣಕಗಳ ಕಾವಲು

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ರಾಯಚೂರು ಸೀಮೆಯಲ್ಲಿ ರೈತನಿಗೆ ಕಾಲುವೆಯ ನೀರು ಬೇಕಾದಂತೆ ಪಹಣಿಯ ಹಾಳೆಯೂ ಬೇಕು. ಅದಿಲ್ಲದೆ ಬ್ಯಾಂಕಿನ ಬೆಳೆಸಾಲ ದೊರೆಯುವುದು ಕಷ್ಟ. ಹಿಂದೆ ಈ ದಾಖಲೆಯು ಗ್ರಾಮ ಲೆಕ್ಕಿಗನ ಕೈಬರಹದಲ್ಲಿರುತ್ತಿತ್ತು. ಹೊಸ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯ ಮೂಲಕ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಗಣಕಯಂತ್ರವನ್ನು ಸೇರಿದವು. ಮೊದಲು ತಾಲ್ಲೂಕು ಕಚೇರಿಯ ಗಣಕದಲ್ಲಿದ್ದ ಅವು ಈಗ ದೂರದ ಸರ್ವರಿನಿಂದ ಜಾಲದ ಮೂಲಕ ಬರುತ್ತವೆ. ಕೇಳಿದವರಿಗೆ ಮಾಹಿತಿಯನ್ನು ಒದಗಿಸುವ ಗಣಕವೇ ಸರ್ವರ್.

ಮಾನ್ವಿಯ ಸುತ್ತಲಿನ ಹಳ್ಳಿಯಿಂದ ರೈತನೊಬ್ಬನು ದಿನದ ಕೆಲಸವನ್ನು ಬಿಟ್ಟು ಪಹಣಿಗಾಗಿ ಪೇಟೆಗೆ ಬಂದನೆನ್ನಿ. ‘ಸರ್ವರ್ ಇಲ್ಲ, ನಾಳೆ ಬಾ’ ಎಂಬ ಉತ್ತರ ದೊರೆತರೆ ಆ ದಿನದ ದುಡಿಮೆಯೂ ಬಸ್ಸಿನ ಹಣವೂ ವ್ಯರ್ಥ. ಸರ್ವರ್ ನಿಂತ ಸಂಗತಿಯು ಅದನ್ನು ನೋಡಿಕೊಳ್ಳುವವರಿಗಿಂತ ಮೊದಲು ರೈತನಿಗೆ ತಿಳಿಯುವುದು ತಲೆಕೆಳಗಾದ ಕ್ರಮವೇ ಸರಿ. ಆದುದರಿಂದಲೇ ಗಣಕವನ್ನು ಕಾಯಲು ಮತ್ತೊಂದು ಗಣಕವನ್ನು ನೇಮಿಸುತ್ತಾರೆ.

ಕಾವಲು ಗಣಕವು ಕೆಲವು ನಿಮಿಷಗಳಿಗೊಮ್ಮೆ ಸರ್ವರನ್ನು ಕೂಗಿ ಕರೆಯುತ್ತದೆ. ಈ ಕರೆಗೆ ‘ಪಿಂಗ್’ ಎಂದು ಹೆಸರು. 1983ರಲ್ಲಿ ಅಮೆರಿಕದ ಮೈಕ್ ಮೂಸ್ ಎಂಬವನು ಇದನ್ನು ರಚಿಸಿದನು. ಹಡಗಿನಿಂದ ಹೊರಟ ಶಬ್ದವು ನೀರಿನೊಳಗಿನ ವಸ್ತುವಿಗೆ ತಾಗಿ ಮರಳುವ ಸದ್ದಿನಿಂದ ಆ ಹೆಸರು ಬಂದಿತು.

ಆದರೆ ಬಾಗಿಲಲ್ಲಿ ನಿಂತು ‘ಓ’ ಎಂದವನ ಮನೆಯಲ್ಲಿ ಅಡುಗೆಯಾಗಿದೆಯೆಂದು ಹೇಗೆ ನಂಬುವುದು? ಸರ್ವರ್ ಪಿಂಗಿಗೆ ಓಗೊಡುತ್ತಿದ್ದರೂ ಒಳಗಿನ ದಾಖಲೆಗಳ ಭಂಡಾರವು ಮುಚ್ಚಿರಬಹುದು. ಹೀಗಾಗಿ ಪುಟವನ್ನೇ ಕೇಳಿ ನೋಡಬೇಕು. ಬರುವ ಉತ್ತರಕ್ಕೆ ಒಂದು ಸಂಖ್ಯೆಯಿರುತ್ತದೆ: 200 ಎಂದರೆ ಕ್ಷೇಮ, 404 ಎಂದರೆ ಕೇಳಿದ ಪುಟವಿಲ್ಲ, 500 ಎಂದರೆ ಸರ್ವರಿನೊಳಗೇ ದೋಷ. ಇದೂ ಸಾಲದು, 200 ಎಂದು ಹೇಳಿ ಬರಿಯ ಹಾಳೆಯನ್ನು ಕಳುಹಿಸುವ ಸರ್ವರುಗಳೂ ಉಂಟು. ಗೊತ್ತಿರುವ ಒಂದು ಸರ್ವೆ ನಂಬರಿನ ಪಹಣಿಯನ್ನು ಕೇಳಿ, ಅದರಲ್ಲಿ ಇರಬೇಕಾದ ಅಕ್ಷರಗಳು ಇವೆಯೇ ಎಂದು ನೋಡುವುದೇ ನಿಜವಾದ ಪರೀಕ್ಷೆ. ರೈತನು ಕೇಳುವುದನ್ನೇ ಕಾವಲುಗಾರನೂ ಕೇಳಬೇಕು.

ಒಂದು ಕರೆ ತಪ್ಪಿದೊಡನೆ ಕೂಗೆಬ್ಬಿಸುವುದು ತರವಲ್ಲ. ‘ತೋಳ ಬಂತು’ ಎಂದು ಸುಳ್ಳಾಗಿ ಕೂಗಿದ ಹುಡುಗನ ಕಥೆ ಎಲ್ಲರಿಗೂ ತಿಳಿದದ್ದೇ. ಎರಡು ಮೂರು ಸಲ ಕೇಳಿದ ಮೇಲೆ ಎಚ್ಚರಿಸುವುದು ವಾಡಿಕೆ. ರಾಯಚೂರಿನಲ್ಲಿ ಕುಳಿತ ಕಾವಲು ಗಣಕಕ್ಕೆ ದೇವದುರ್ಗವೊಂದೇ ಓಗೊಡದಿದ್ದರೆ ತೊಂದರೆಯು ಬಹುಶಃ ಅತ್ತ ಕಡೆಯದು. ದೇವದುರ್ಗ, ಮಾನ್ವಿಗಳೆರಡೂ ಒಮ್ಮೆಗೇ ಮೌನವಾದರೆ ರಾಯಚೂರಿನ ತಂತಿಯನ್ನೇ ಮೊದಲು ಪರೀಕ್ಷಿಸಬೇಕು. ಬೆಳಗಿನ ಜಾವ ಐದಕ್ಕೆ ಕೆಟ್ಟ ಸರ್ವರಿನ ಸುದ್ದಿಯು ಐದೂಕಾಲಕ್ಕೆ ಕೆಲಸಗಾರನ ಮೊಬೈಲಿಗೆ ತಲಪಿದರೆ, ಹಳ್ಳಿಯ ಮೊದಲ ಬಸ್ಸು ಹೊರಡುವುದರೊಳಗೆ ಅದನ್ನು ಸರಿಪಡಿಸಲು ಸಮಯವಿರುತ್ತದೆ.