ಮಾತಿಲ್ಲದ ಮಾತು: ದಂಪತಿಗಳು ಅರಿಯಬೇಕಾದ ದೇಹಭಾಷೆ

ಮಾನವನು ಸಂಘಜೀವಿ. ತನ್ನ ಸುಖದುಃಖಗಳನ್ನು ಇನ್ನೊಬ್ಬರಿಗೆ ತಿಳಿಸದೆ ಅವನು ಬಾಳಲಾರನು. ಇದಕ್ಕೆ ಮಾತು ಮುಖ್ಯ ಸಾಧನವಾದರೂ ಅದೊಂದೇ ಸಾಧನವಲ್ಲ. ಹುಬ್ಬು ಗಂಟಿಕ್ಕುವುದು, ಮುಖ ತಿರುಗಿಸುವುದು, ತಲೆ ತಗ್ಗಿಸುವುದು, ನಿಟ್ಟುಸಿರು ಬಿಡುವುದು, ಇವೆಲ್ಲವೂ ಮನಸ್ಸಿನ ಸ್ಥಿತಿಯನ್ನು ಹೊರಗೆಡಹುತ್ತವೆ. ಇದನ್ನೇ ದೇಹಭಾಷೆ ಎನ್ನುತ್ತಾರೆ.

ರೈತ ಕುಟುಂಬಗಳಿಗೆ ಇದು ಹೊಸ ವಿಷಯವೇನಲ್ಲ. ಎತ್ತು ಮೇವು ಬಿಟ್ಟು, ಕಿವಿ ಜೋಲಿಸಿ ನಿಂತರೆ ಅದಕ್ಕೆ ಸೌಖ್ಯವಿಲ್ಲವೆಂದು ನೀವು ಕೂಡಲೇ ಅರಿಯುತ್ತೀರಿ. ಕೊಟ್ಟಿಗೆಯ ಮೂಕಪ್ರಾಣಿಯ ವಿಷಯದಲ್ಲಿ ತೋರುವ ಈ ಲಕ್ಷ್ಯವನ್ನು ಮನೆಯ ಜನರ ವಿಷಯದಲ್ಲಿಯೂ ತೋರಿದರೆ ಎಷ್ಟೋ ಕಷ್ಟಗಳನ್ನು ಮೊದಲೇ ತಡೆಯಬಹುದು. ಕೆಲವೊಮ್ಮೆ ಒಂದು ಜೀವವೇ ಉಳಿಯಬಹುದು.

ಸಹಜವಾದುದು ಮತ್ತು ರೂಢಿಯಿಂದ ಬಂದುದು

ನಮ್ಮ ಪೂರ್ವಿಕರು ಈ ವಿಷಯವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಭರತನ ನಾಟ್ಯಶಾಸ್ತ್ರವು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ವಿಕ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದೆ. ಇವುಗಳಲ್ಲಿ ಮಾತಿಗೆ ಸೇರಿದುದು ವಾಚಿಕವೊಂದೇ. ಬಯಲಾಟದಲ್ಲಿ ಪಾತ್ರಧಾರಿಯು ಬಾಯಿ ತೆರೆಯುವ ಮುನ್ನವೇ ಅವನ ಕೋಪವನ್ನು ನೀವು ಗುರುತಿಸುವುದು ಹೀಗೆಯೇ. ಪಾಶ್ಚಾತ್ಯರಲ್ಲಿ ವಿಜ್ಞಾನಿ ಚಾರ್ಲ್ಸ್ ಡಾರ್ವಿನ್ನನು 1872ರಲ್ಲಿ ಮನುಷ್ಯ ಮತ್ತು ಪ್ರಾಣಿಗಳ ಭಾವಪ್ರದರ್ಶನವನ್ನು ಕುರಿತು ಒಂದು ಗ್ರಂಥವನ್ನೇ ಪ್ರಕಟಿಸಿದನು.

ನಗು, ಅಳು, ಭಯ ಮುಂತಾದ ಮುಖಭಾವಗಳು ಬಹುಮಟ್ಟಿಗೆ ಹುಟ್ಟಿನಿಂದಲೇ ಬಂದವು. ಹುಟ್ಟುಕುರುಡನಾದ ಮಗುವೂ ನಗುತ್ತದೆ. ಆದರೆ ಕೈಸನ್ನೆ, ತಲೆಯಾಡಿಸುವಿಕೆ ಮೊದಲಾದವು ಆಯಾ ದೇಶದ ರೂಢಿಗಳು. ಬಲ್ಗೇರಿಯ ದೇಶದಲ್ಲಿ ತಲೆಯನ್ನು ಮೇಲೆ ಕೆಳಗೆ ಆಡಿಸಿದರೆ 'ಇಲ್ಲ' ಎಂದರ್ಥ. ನಮ್ಮಲ್ಲಿ ತಲೆಯನ್ನು ಅತ್ತಿತ್ತ ವಾಲಿಸಿದರೆ 'ಹೌದು' ಎಂದಾಗಬಹುದು, 'ಕೇಳಿಸಿತು' ಎಂದಾಗಬಹುದು, 'ಆಗಲಿ, ನೋಡೋಣ' ಎಂದೂ ಆಗಬಹುದು. ಆದುದರಿಂದ ಸನ್ನೆಯೊಂದನ್ನೇ ನಂಬಿ ಮುಖ್ಯ ವಿಷಯಗಳನ್ನು ತೀರ್ಮಾನಿಸಬಾರದು.

ತಲೆದೂಗಿದುದೆಲ್ಲ ಒಪ್ಪಿಗೆಯಲ್ಲ

'ಮೌನಂ ಸಮ್ಮತಿ ಲಕ್ಷಣಂ' ಎಂಬ ಮಾತು ನಮ್ಮಲ್ಲಿ ಬಳಕೆಯಲ್ಲಿದೆ. ಕುಟುಂಬ ಕಲ್ಯಾಣದ ವಿಷಯದಲ್ಲಿ ಈ ಮಾತು ಸಲ್ಲದು. ಆರೋಗ್ಯ ಕೇಂದ್ರಕ್ಕೆ ಬರುವ ಹಲವು ದಂಪತಿಗಳಲ್ಲಿ ವೈದ್ಯರ ಪ್ರಶ್ನೆಗೆ ಪತಿಯೋ ಅತ್ತೆಯೋ ಉತ್ತರಿಸುತ್ತಾರೆ. ಸೊಸೆಯು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ, ನೆಲ ನೋಡುತ್ತಾ ತಲೆಯಾಡಿಸುತ್ತಾಳೆ. ಇದು ಒಪ್ಪಿಗೆಯೇ, ನಾಚಿಕೆಯೇ, ಅಥವಾ ಭಯವೇ ಎಂಬುದನ್ನು ಕೇಳಿಯೇ ತಿಳಿಯಬೇಕು.

ಇನ್ನೊಂದು ಮಗು ಬೇಕೇ, ಯಾವಾಗ ಬೇಕು, ಯಾವ ವಿಧಾನವನ್ನು ಅನುಸರಿಸಬೇಕು ಎಂಬ ಪ್ರಶ್ನೆಗಳನ್ನು ಗಂಡ ಹೆಂಡಿರು ಬಿಡುವಾದ ಹೊತ್ತಿನಲ್ಲಿ, ಇತರರ ಎದುರಿಗಲ್ಲದೆ, ಕುಳಿತು ಮಾತನಾಡಬೇಕು. ಶಸ್ತ್ರಚಿಕಿತ್ಸೆಯಾಗಲಿ, ವಂಕಿಯಾಗಲಿ, ಯಾರ ದೇಹಕ್ಕೆ ಸಂಬಂಧಿಸಿದೆಯೋ ಅವರು ಸ್ವಂತ ಇಚ್ಛೆಯಿಂದ, ತಿಳಿದು ಒಪ್ಪಬೇಕು. ದಾಂಪತ್ಯದ ಏಕಾಂತದಲ್ಲಿಯೂ ಇದೇ ನಿಯಮ. ಪತ್ನಿಯು ಮೈ ಬಿಗಿ ಹಿಡಿದರೆ, ಮಗ್ಗುಲಾದರೆ, ಮುಖದಲ್ಲಿ ನೋವು ಕಂಡರೆ ಅದು 'ಬೇಡ' ಎಂಬುದರ ಸೂಚನೆಯೆಂದು ತಿಳಿದು ಪತಿಯು ತಡೆಯಬೇಕು. ಪದೇ ಪದೇ ನೋವಾಗುತ್ತಿದ್ದರೆ ಅದಕ್ಕೆ ಚಿಕಿತ್ಸೆಯುಂಟು. ಇಬ್ಬರೂ ವೈದ್ಯರನ್ನು ಕಾಣಬೇಕು.

ಗರ್ಭಿಣಿಯಲ್ಲಿ ಕಾಣುವ ಸೂಚನೆಗಳು

ನಮ್ಮ ಹೆಣ್ಣುಮಕ್ಕಳು ನೋವನ್ನು ನುಂಗಿಕೊಳ್ಳುವುದನ್ನು ಚಿಕ್ಕಂದಿನಿಂದಲೇ ಕಲಿತಿರುತ್ತಾರೆ. ಗರ್ಭಿಣಿಯು 'ಏನೂ ಇಲ್ಲ' ಎಂದರೂ ಅವಳ ದೇಹವು ಬೇರೆಯದನ್ನೇ ಹೇಳುತ್ತಿರಬಹುದು. ಪಾದಗಳಲ್ಲಿ ಸಂಜೆ ಸ್ವಲ್ಪ ಊತ ಕಾಣುವುದು ಸಾಮಾನ್ಯ. ಆದರೆ ಮುಖ ಊದಿಕೊಂಡರೆ, ಕೈಬಳೆಗಳು ಇದ್ದಕ್ಕಿದ್ದಂತೆ ಬಿಗಿಯಾದರೆ, ಹಣೆಯನ್ನು ಒತ್ತಿ ಹಿಡಿದು ಕೂತರೆ, ಕಣ್ಣು ಮಂಜಾಗಿ ಉಜ್ಜಿಕೊಳ್ಳುತ್ತಿದ್ದರೆ ರಕ್ತದ ಒತ್ತಡ ಏರಿರಬಹುದು. ಇದನ್ನು ಅಲಕ್ಷಿಸಿದರೆ ಫಿಟ್ಸ್ ಬಂದು ತಾಯಿ ಮಗು ಇಬ್ಬರಿಗೂ ಅಪಾಯವಾಗಬಹುದು. ರಕ್ತಸ್ರಾವವಾದರೆ, ಅಥವಾ ಮಗುವಿನ ಚಲನೆ ಎಂದಿಗಿಂತ ಕಡಿಮೆಯಾದರೆ ಮರುದಿನದವರೆಗೆ ಕಾಯಬಾರದು. 108ಕ್ಕೆ ದೂರವಾಣಿ ಮಾಡಿ ವಾಹನವನ್ನು ಕರೆಸಿ, ಕೂಡಲೇ ಆಸ್ಪತ್ರೆಗೆ ಹೊರಡಬೇಕು.

ಬಾಣಂತಿಯ ಮನಸ್ಸು

ಹೆರಿಗೆಯಾದ ಮೊದಲ ದಿನಗಳಲ್ಲಿ ಕಾರಣವಿಲ್ಲದೆ ಅಳು ಬರುವುದು ಅನೇಕರಲ್ಲಿ ಕಂಡುಬರುತ್ತದೆ. ಸಾಮಾನ್ಯವಾಗಿ ಇದು ಎರಡು ವಾರಗಳೊಳಗೆ ತಾನಾಗಿಯೇ ಶಮನವಾಗುತ್ತದೆ. ಆದರೆ ಎರಡು ವಾರ ಕಳೆದ ಮೇಲೂ ಬಾಣಂತಿಯು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರೆ, ಮಗು ಮಲಗಿದಾಗಲೂ ನಿದ್ರಿಸಲಾರದಿದ್ದರೆ, ಮಗುವನ್ನು ಎತ್ತಿಕೊಳ್ಳಲು ಮನಸ್ಸು ಮಾಡದಿದ್ದರೆ, ಅದನ್ನು ಸೋಮಾರಿತನವೆಂದು ಜರಿಯಬಾರದು. ಗಾಳಿ ಸೋಕಿತೆಂದು ತಾಯಿತ ಕಟ್ಟಿಸಿ ಸುಮ್ಮನಾಗಲೂಬಾರದು. ಇದು ಗುಣವಾಗುವ ಕಾಯಿಲೆ. ವೈದ್ಯರಿಗೆ ತೋರಿಸಿರಿ. ಮಾನಸಿಕ ನೆರವಿಗಾಗಿ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯನ್ನು 14416 ಸಂಖ್ಯೆಯಲ್ಲಿ ಉಚಿತವಾಗಿ ಪಡೆಯಬಹುದು. ತನ್ನನ್ನಾಗಲಿ ಮಗುವನ್ನಾಗಲಿ ಇಲ್ಲವಾಗಿಸುವ ಮಾತು ಅವಳ ಬಾಯಿಂದ ಬಂದರೆ ಅವಳನ್ನು ಒಂಟಿಯಾಗಿ ಬಿಡದೆ ಆ ಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಶಿಶುವಿನ ಭಾಷೆ

ಎಳೆಯ ಶಿಶುವಿಗೆ ದೇಹಭಾಷೆಯಲ್ಲದೆ ಬೇರೆ ಭಾಷೆಯಿಲ್ಲ. ಮಗು ಅತ್ತಾಗ ಮಾತ್ರ ಹಾಲು ಕುಡಿಸಬೇಕೆಂದು ಹಲವರು ನಂಬಿದ್ದಾರೆ. ವಾಸ್ತವವಾಗಿ ಅಳುವು ಹಸಿವಿನ ಕಡೆಯ ಸೂಚನೆ. ಅದಕ್ಕೆ ಮೊದಲೇ ಮಗು ಮಿಸುಕಾಡುತ್ತದೆ, ಬಾಯಿ ತೆರೆಯುತ್ತದೆ, ತಲೆಯನ್ನು ಅತ್ತಿತ್ತ ಹೊರಳಿಸಿ ಮೊಲೆಯನ್ನು ಹುಡುಕುತ್ತದೆ, ಮುಷ್ಟಿಯನ್ನು ಬಾಯಿಗೆ ಒಯ್ಯುತ್ತದೆ. ಆ ವೇಳೆಗೇ ಮೊಲೆಗೆ ಹಚ್ಚಿದರೆ ಅದು ನೆಮ್ಮದಿಯಿಂದ ಕುಡಿಯುತ್ತದೆ. ತೃಪ್ತಿಯಾದಾಗ ಮುಷ್ಟಿ ಸಡಿಲಿ, ತಾನೇ ಮೊಲೆ ಬಿಡುತ್ತದೆ. ಮೊದಲ ಆರು ತಿಂಗಳು ಎದೆಹಾಲಿನ ಹೊರತು ಬೇರೇನೂ ಬೇಕಿಲ್ಲ, ನೀರೂ ಬೇಡ.

ನವಜಾತ ಶಿಶುವಿನ ಕಣ್ಣಿಗೆ ಒಂದು ಗೇಣಿಗಿಂತ ತುಸು ಹೆಚ್ಚಿನ ದೂರದಲ್ಲಿರುವುದು ಚೆನ್ನಾಗಿ ಕಾಣುತ್ತದೆ. ಹಾಲು ಕುಡಿಯುವಾಗ ತಾಯಿಯ ಮುಖವಿರುವುದೂ ಸುಮಾರು ಅಷ್ಟೇ ದೂರದಲ್ಲಿ. ತಂದೆಯೂ ಮಗುವನ್ನು ಎತ್ತಿಕೊಂಡು ಮುಖಕ್ಕೆ ಮುಖವಿಟ್ಟು ಮಾತನಾಡಿಸಬೇಕು. ಸುಮಾರು ಆರರಿಂದ ಎಂಟು ವಾರಗಳಲ್ಲಿ ಅದು ನಗುವಿನಿಂದ ಉತ್ತರ ಕೊಡತೊಡಗುತ್ತದೆ.

ಮಗು ಅಳದಿರುವುದೆಲ್ಲ ಒಳ್ಳೆಯ ಲಕ್ಷಣವಲ್ಲ. ಚೆನ್ನಾಗಿ ಕುಡಿಯುತ್ತಿದ್ದ ಶಿಶು ಕುಡಿಯುವುದನ್ನು ಬಿಟ್ಟರೆ, ಮುಟ್ಟಿ ಎಬ್ಬಿಸಿದರೂ ಕೈಕಾಲು ಆಡಿಸದಿದ್ದರೆ, ಉಸಿರಾಡುವಾಗ ಎದೆಯ ಕೆಳಭಾಗ ಒಳಕ್ಕೆ ಸೇದಿಕೊಳ್ಳುತ್ತಿದ್ದರೆ, ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಬಾರಿ ಉಸಿರಾಡುತ್ತಿದ್ದರೆ, ಅಂಗಾಲು ಹಳದಿಯಾದರೆ, ಮೈ ಸುಟ್ಟರೆ ಅಥವಾ ತಣ್ಣಗಾದರೆ ಮಗುವನ್ನು ಬೆಚ್ಚಗೆ ಎದೆಗವಚಿಕೊಂಡು ತಡಮಾಡದೆ ಆಸ್ಪತ್ರೆಗೆ ಬರಬೇಕು.

ಪತಿಯ ಮೌನ

ಗಂಡಸು ಅಳಬಾರದೆಂಬುದು ನಮ್ಮ ರೂಢಿ. ಮಳೆ ಕೈಕೊಟ್ಟಾಗ, ಸಾಲ ಮೈಮೇಲೆ ಬಂದಾಗ ಅವನು ಮಾತು ಬಿಡುತ್ತಾನೆ, ಊಟ ಬಿಡುತ್ತಾನೆ, ಕುಡಿತಕ್ಕೆ ಇಳಿಯುತ್ತಾನೆ. ಪತ್ನಿಯು ಇದನ್ನು ತನ್ನ ಮೇಲಿನ ಸಿಟ್ಟೆಂದು ತಿಳಿಯದೆ 'ಏನಾಯಿತು? ನನಗೂ ಹೇಳಿ' ಎಂದು ಕೇಳಬೇಕು. ಆದರೆ ಸಂಕಟವು ಹೊಡೆತಕ್ಕೆ ಸಮರ್ಥನೆಯಾಗದು. ಪತಿಯು ಕೈ ಎತ್ತಿದಾಗಲೆಲ್ಲ ಮೂಲೆಗೆ ಸರಿದು ನಿಲ್ಲುವ ಮಕ್ಕಳು ಅದನ್ನು ಬಹುಕಾಲ ಮರೆಯುವುದಿಲ್ಲ.

ಊಹೆ ಸಾಲದು, ಕೇಳಬೇಕು

ದೇಹಭಾಷೆಯು ಬಾಗಿಲು ಬಡಿದ ಸದ್ದಿನಂತೆ. ಯಾರೋ ಬಂದಿದ್ದಾರೆಂದು ಅದು ತಿಳಿಸುತ್ತದೆ. ಯಾರೆಂದು ತಿಳಿಯಲು ಬಾಗಿಲು ತೆರೆಯಲೇಬೇಕು. ಕೈಕಟ್ಟಿ ನಿಂತವರೆಲ್ಲ ಕೋಪಗೊಂಡವರಲ್ಲ, ಚಳಿಯಾಗಿದ್ದರೂ ಕೈ ಕಟ್ಟುತ್ತಾರೆ. ಒಂದು ಸನ್ನೆಯನ್ನು ಹಿಡಿದು ಸಂಶಯಪಡದೆ, ಎಂದಿನ ರೀತಿಯಲ್ಲಿ ಏನು ಬದಲಾಗಿದೆ ಎಂಬುದನ್ನು ಗಮನಿಸಿರಿ.

ನೆನಪಿನಲ್ಲಿಡಬೇಕಾದ ಅಂಶಗಳು

1. ದಿನಕ್ಕೊಮ್ಮೆಯಾದರೂ ಕೆಲಸವನ್ನೂ ಮೊಬೈಲನ್ನೂ ಬದಿಗಿಟ್ಟು, ಎದುರುಬದುರು ಕುಳಿತು ಮಾತನಾಡಿರಿ.

2. ಮೌನವನ್ನು ಒಪ್ಪಿಗೆಯೆಂದು ತಿಳಿಯಬೇಡಿರಿ, ಬಾಯಿಬಿಟ್ಟು ಕೇಳಿರಿ.

3. ಗರ್ಭಿಣಿ, ಬಾಣಂತಿ ಮತ್ತು ಶಿಶುವಿನಲ್ಲಿ ಬದಲಾವಣೆ ಕಂಡರೆ ಆಶಾ ಕಾರ್ಯಕರ್ತೆಗೆ ಅಥವಾ ವೈದ್ಯರಿಗೆ ತಿಳಿಸಿರಿ.

4. ವೈದ್ಯರ ಮುಂದೆ ಪತ್ನಿಯ ನೋವನ್ನು ಪತ್ನಿಯೇ ಹೇಳಲು ಅವಕಾಶ ಕೊಡಿರಿ.

ಇಂದು ರಾತ್ರಿ ಊಟವಾದ ಮೇಲೆ ಈ ಪಾಠವನ್ನು ಒಬ್ಬರು ಓದಿರಿ, ಇನ್ನೊಬ್ಬರು ಕೇಳಿರಿ. ಬಳಿಕ 'ನೀನು ಹೇಳದೆ ಉಳಿಸಿಕೊಂಡಿರುವ ನೋವು ಯಾವುದಾದರೂ ಇದೆಯೇ?' ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳಿರಿ. ಉತ್ತರ ಬರುವವರೆಗೆ ತಾಳ್ಮೆಯಿಂದ ಕಾಯಿರಿ.