ಬೆಟ್ಟದ ಮೇಲಿನವನ ಕೆಲಸ ಕೇಳುವುದು

ಹದಿನಾಲ್ಕು ಕೊಂಡಿಗಳ ಸರಪಳಿಯೊಂದನ್ನು ಊಹಿಸಿಕೊಳ್ಳಿ. ಪ್ರತಿ ಕೊಂಡಿಯೂ ಹತ್ತರಲ್ಲಿ ಒಂಬತ್ತು ಸಲ ಸಂದೇಶವನ್ನು ಮುಂದಕ್ಕೆ ದಾಟಿಸುತ್ತದೆ. ಹಾಗಾದರೆ ಈ ತುದಿಯಿಂದ ಹೊರಟದ್ದು ಆ ತುದಿ ಮುಟ್ಟುವ ಸಾಧ್ಯತೆ ಎಷ್ಟು? ಬರೀ ಶೇ 23. ಪ್ರತಿ ಕೊಂಡಿಯನ್ನೂ ಶೇ 99ಕ್ಕೆ ಏರಿಸಿದರೆ ಅದು ಶೇ 87 ಆಗುತ್ತದೆ. ಅಮೆರಿಕದ ಅಪಲೇಚಿಯನ್ ಬೆಟ್ಟಸಾಲಿನಲ್ಲಿ ಪ್ಯಾಕೆಟ್ ರಿಲೇಗೆಂದು ರೇಡಿಯೊ ಹೊತ್ತು ಶಿಖರ ಏರುವಾಗೆಲ್ಲ ನನ್ನ ತಲೆಯಲ್ಲಿ ಕೂತಿರುವುದು ಈ ಲೆಕ್ಕವೇ. ‘ಸಾಕಷ್ಟು ಚೆನ್ನಾಗಿದೆ’ ಎನ್ನುವ ಕೊಂಡಿಗೆ ಇಲ್ಲಿ ಬೆಲೆಯಿಲ್ಲ.

ಈ ರಿಲೇಗೆ ಹವ್ಯಾಸಿ ರೇಡಿಯೊದವರಾದ ಹ್ಯಾಮ್‌ಗಳು ಇಟ್ಟ ಹೆಸರು ಗೋಲ್ಡನ್ ಪ್ಯಾಕೆಟ್. ದಕ್ಷಿಣದ ಜಾರ್ಜಿಯಾದ ಸ್ಟೋನ್ ಮೌಂಟನ್‌ನಿಂದ ಉತ್ತರದ ಮೇಯ್ನ್ ರಾಜ್ಯದ ಕಟಾಡಿನ್‌ವರೆಗೆ ಸುಮಾರು ಹದಿನೈದು ಶಿಖರಗಳ ಮೇಲೆ ಜುಲೈ ತಿಂಗಳ ಒಂದು ದಿನ ಹವ್ಯಾಸಿಗಳು ಕೂರುತ್ತಾರೆ. ಇಂಟರ್ನೆಟ್ ಇಲ್ಲ, ಉಪಗ್ರಹ ಇಲ್ಲ, ಫೋನ್ ತಂತಿ ಇಲ್ಲ. ಪ್ಯಾಕೆಟ್ ಎಂಬ ಡಿಜಿಟಲ್ ಕಟ್ಟಿನೊಳಗಿನ ಒಂದು ಪುಟ್ಟ ಸಂದೇಶ ಶಿಖರದಿಂದ ಶಿಖರಕ್ಕೆ ರೇಡಿಯೊ ಅಲೆಯಲ್ಲೇ ಜಿಗಿದು ಕೊನೆ ಮುಟ್ಟಬೇಕು. ಕಲ್ಪನೆ ಬಾಬ್ ಬ್ರುನಿಂಗಾ ಅವರದು. ಅನಾಪೊಲಿಸ್‌ನ ನೌಕಾ ಅಕಾಡೆಮಿಯಲ್ಲಿ ಎಂಜಿನಿಯರ್ ಆಗಿದ್ದ ಅವರೇ ಎಪಿಆರ್‌ಎಸ್ ಪದ್ಧತಿಯ ಜನಕ. ತಾನಿರುವ ಜಾಗವನ್ನೂ ಗರಿಷ್ಠ 67 ಅಕ್ಷರಗಳ ಸಂದೇಶಗಳನ್ನೂ ಸೆಕೆಂಡಿಗೆ 1200 ಬಿಟ್‌ಗಳ ವೇಗದಲ್ಲಿ ಸಾರುವ ಈ ಪದ್ಧತಿಯನ್ನು ಇಂದು ಜಗತ್ತಿನ ಹ್ಯಾಮ್‌ಗಳು ಬಳಸುತ್ತಾರೆ. ಬ್ರುನಿಂಗಾ 2022ರಲ್ಲಿ ತೀರಿಕೊಂಡರು. ಮೊಬೈಲ್ ಟವರ್ ಇಲ್ಲದ ಕಾಡುದಾರಿಯಲ್ಲೂ ಚಾರಣಿಗನ ಮಾತು ಹೊರಜಗತ್ತಿಗೆ ತಲುಪಬೇಕೆಂಬ ಅವರ ಹಂಬಲ ನನಗೂ ಅಂಟಿಕೊಂಡಿತು.

ನನ್ನ ಪಾಲಿಗೆ ಬಂದ ಶಿಖರ ಮೆಸಾಚುಸೆಟ್ಸ್‌ನ ಗ್ರೇಲಾಕ್. ಎತ್ತರ 1,064 ಮೀಟರ್, ಆ ರಾಜ್ಯಕ್ಕೆ ಅದೇ ಅತಿ ಎತ್ತರ. ಕಾರು ತುದಿಯವರೆಗೂ ಹೋಗುವುದರಿಂದ ಭಾರವಾದ ಬ್ಯಾಟರಿಗೆ ಹೆದರಬೇಕಿಲ್ಲ. ನಿಜವಾದ ತೊಂದರೆ ಬೇರೆ. ಬೆಟ್ಟ ನಮಗೆ ಅನುಕೂಲವಾದಂತೆ ಎಫ್‌ಎಂ ಪ್ರಸಾರಕ್ಕೂ ಅನುಕೂಲ, ಹಾಗಾಗಿ ಶಿಖರದಲ್ಲೇ ಪ್ರಸಾರದ ಗೋಪುರವಿದೆ. ಅದರ ಪಕ್ಕದಲ್ಲಿ ಆಂಟೆನಾ ನಿಲ್ಲಿಸಿದರೆ ನಮ್ಮ ರೇಡಿಯೊ ಚೆನ್ನಾಗಿ ಮಾತನಾಡುತ್ತದೆ, ಆದರೆ ಅರೆಕಿವುಡಾಗುತ್ತದೆ. ನೂರಾರು ಕಿಲೋಮೀಟರ್ ಆಚೆಯ ಕ್ಷೀಣ ಸಂಕೇತ ಪಕ್ಕದ ಅಬ್ಬರದಲ್ಲಿ ಅಡಗಿಹೋಗುತ್ತದೆ. ಇದಕ್ಕೆ 50 ವಾಟ್‌ಗಿಂತ ದೊಡ್ಡ ಯಂತ್ರ ತಂದರೂ ಪ್ರಯೋಜನವಿಲ್ಲ. ಬೇಕಾದದ್ದು 144 ಮೆಗಾಹರ್ಟ್ಸ್ ಆಸುಪಾಸನ್ನು ಮಾತ್ರ ಒಳಬಿಡುವ ಫಿಲ್ಟರ್ ಮತ್ತು ತಾಳ್ಮೆ. ದೂರದ ಒಂದು ಸೋತ ಸಂಕೇತವನ್ನು ಕೇಳುತ್ತ, ಆಂಟೆನಾ ಹಿಡಿದು ಅತ್ತಿತ್ತ ನಡೆದು ನೋಡಬೇಕು. ತುತ್ತತುದಿ ಬಿಟ್ಟು ತುಸು ಕೆಳಗಿಳಿದು, ಗೋಪುರಕ್ಕೂ ನಮಗೂ ನಡುವೆ ಬಂಡೆ ಬರುವ ಜಾಗದಲ್ಲಿ ಕಿವಿ ಇದ್ದಕ್ಕಿದ್ದಂತೆ ತೆರೆದುಕೊಳ್ಳುವುದುಂಟು. ಹಾಗೆ ಇಳಿದಾಗ ಎರಡೂ ಕಡೆಯ ಶಿಖರಗಳು ಮರೆಯಾಗಬಾರದು, ಅಷ್ಟೇ. ಒಂದೇ ದಿಕ್ಕಿಗೆ ಮುಖ ಮಾಡುವ ಯಾಗಿ ಆಂಟೆನಾ ಸರಪಳಿಯ ತುದಿಯಲ್ಲಿರುವವನಿಗೆ ವರ. ನಡುವಿನವನಿಗೆ ಬೆನ್ನ ಹಿಂದೆಯೂ ಕೇಳಿಸಬೇಕು, ಅವನಿಗೆ ನೆಟ್ಟನೆ ನಿಲ್ಲುವ ಸಾದಾ ಆಂಟೆನಾವೇ ಸರಿ.

ಕೇಳುವುದರಲ್ಲೂ ಇನ್ನೊಂದು ಸೂಕ್ಷ್ಮವಿದೆ. ಮಾತು ಅಲ್ಪಸ್ವಲ್ಪ ಹರಿದರೂ ಮನುಷ್ಯನಿಗೆ ಅರ್ಥವಾಗುತ್ತದೆ, ಪ್ಯಾಕೆಟ್‌ಗೆ ಆ ರಿಯಾಯಿತಿ ಇಲ್ಲ. ಒಂದೇ ಒಂದು ಬಿಟ್ ತಪ್ಪಿದರೂ ಕೊನೆಯಲ್ಲಿರುವ ತಾಳೆಸಂಖ್ಯೆ ಹೊಂದದೆ ಇಡೀ ಪ್ಯಾಕೆಟ್ ಬಿದ್ದುಹೋಗುತ್ತದೆ. ಈ ರಿಲೇಯಲ್ಲಿ ‘ತಲುಪಿಲ್ಲ, ಮತ್ತೆ ಕಳಿಸು’ ಎಂದು ಹಿಂದಿನ ಶಿಖರಕ್ಕೆ ತಾನಾಗಿ ಹೇಳುವ ಏರ್ಪಾಡೂ ಇಲ್ಲ. ಹಾಗಾಗಿ ಟ್ರಾನ್ಸ್‌ಮಿಟರ್ ಚಾಲೂ ಆದ ಮೇಲೆ ದತ್ತಾಂಶ ಹೊರಡುವ ಮುನ್ನ ಮೂರ್ನಾಲ್ಕು ನೂರು ಮಿಲಿಸೆಕೆಂಡು ಬಿಡುವು ಕೊಡಬೇಕು. ಮುಂದಿನ ಶಿಖರದ ರಿಸೀವರ್ ಎಚ್ಚೆತ್ತುಕೊಳ್ಳಲು ಆ ಹೊತ್ತು ಬೇಕು. ಸಂಕೇತವಿಲ್ಲದಾಗ ರಿಸೀವರಿನ ಗೊರಗೊರ ಅಡಗಿಸುವ ಸ್ಕ್ವೆಲ್ಚ್ ಬಿಗಿಯಾಗಿದ್ದರೆ ಪ್ಯಾಕೆಟ್‌ನ ತಲೆಯೇ ಕತ್ತರಿಸಿಹೋಗುತ್ತದೆ. ಮನೆಯ ಮೇಜಿನ ಮೇಲೆ ಸರಿಯಾಗಿದ್ದ ಹೊಂದಿಕೆಯನ್ನು ಬೆಟ್ಟದಲ್ಲಿ ಮತ್ತೆ ಪರೀಕ್ಷಿಸಲೇಬೇಕು.

ಎಲ್ಲಕ್ಕಿಂತ ಕಷ್ಟದ ಪಾಠ ಸುಮ್ಮನಿರುವುದು. ನನ್ನ ಉತ್ತರದ ಶಿಖರಕ್ಕೆ ದಕ್ಷಿಣದ ಶಿಖರ ಕೇಳಿಸುವುದಿಲ್ಲ, ಇಬ್ಬರೂ ಕೇಳಿಸುವುದು ನನಗೊಬ್ಬನಿಗೆ. ಚಾನೆಲ್ ಖಾಲಿಯಿದೆ ಎಂದುಕೊಂಡು ಇಬ್ಬರೂ ಒಟ್ಟಿಗೆ ಕಳಿಸಿದರೆ ಎರಡೂ ನನ್ನ ಬಳಿ ಡಿಕ್ಕಿ ಹೊಡೆದು ಪುಡಿಯಾಗುತ್ತವೆ. ಆದ್ದರಿಂದಲೇ ಅಲ್ಲಿನ ಎಪಿಆರ್‌ಎಸ್ ಬಳಕೆದಾರರಿಂದ ಸದಾ ಗಿಜಿಗುಡುವ 144.390 ಮೆಗಾಹರ್ಟ್ಸ್ ಬಿಟ್ಟು ಬೇರೆ ಆವರ್ತನದಲ್ಲಿ ರಿಲೇ ನಡೆಸುವುದು. ಅಲ್ಲಿಯೂ ಪ್ರತಿಯೊಬ್ಬರೂ ತಮ್ಮ ಸ್ಥಾನ ಸಾರುವ ಬೀಕನ್ ನಿಲ್ಲಿಸಿ, ಸರದಿ ಬರುವವರೆಗೆ ಕಾಯಬೇಕು. ಪರದೆಯ ಮೇಲೆ ಏನೂ ಕಾಣದ ಆ ಹೊತ್ತಿನಲ್ಲಿ ‘ನಾನಿದ್ದೇನೆ’ ಎಂದು ಒಂದು ಪ್ಯಾಕೆಟ್ ಬಿಡೋಣ ಎಂದು ಕೈ ತುರಿಸುತ್ತದೆ. ಆ ಒಂದು ಪ್ಯಾಕೆಟ್ ಹತ್ತು ಬೆಟ್ಟಗಳ ಶ್ರಮವನ್ನು ಕೆಡಿಸಬಲ್ಲದು.

ಜುಲೈ ಅಲ್ಲಿ ಗುಡುಗಿನ ಕಾಲ. ದೂರದಲ್ಲಿ ಗುಡುಗು ಕೇಳಿದೊಡನೆ ಆಂಟೆನಾ ಕಂಬ ಇಳಿಸಬೇಕು, ರಿಲೇ ಮುರಿದರೂ ಸರಿಯೆ. ಈ ವಿಷಯದಲ್ಲಿ ಚರ್ಚೆಗೆ ಜಾಗವಿಲ್ಲ.

ಕರ್ನಾಟಕದ ಹ್ಯಾಮ್ ಗೆಳೆಯರಲ್ಲಿ ನನ್ನದೊಂದು ಕೋರಿಕೆ. ನಮ್ಮ ಪಶ್ಚಿಮ ಘಟ್ಟವೂ ಉದ್ದಕ್ಕೆ ಹಬ್ಬಿದ ಬೆಟ್ಟಸಾಲು. 1,930 ಮೀಟರ್‌ನ ಮುಳ್ಳಯ್ಯನಗಿರಿ ಗ್ರೇಲಾಕ್‌ಗಿಂತ ಎಷ್ಟೋ ಎತ್ತರ. ಕೊಡಚಾದ್ರಿ, ಕುದುರೆಮುಖ, ತಡಿಯಂಡಮೋಳ್ ಬೇರೆ ಇವೆ. ಭೂಪಟದಲ್ಲಿ ಗೆರೆ ಎಳೆದು ನಡುವೆ ಯಾವ ದಿಣ್ಣೆ ಅಡ್ಡ ಬರುತ್ತದೆ ನೋಡಿ. ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆದು, ಮಳೆಗಾಲ ಕಳೆದ ಮೇಲೆ ಎರಡೇ ಎರಡು ಬೆಟ್ಟಗಳ ನಡುವೆ ಶುರುಮಾಡಿ. ಆ ಒಂದು ಕೊಂಡಿ ನೂರಕ್ಕೆ ತೊಂಬತ್ತೊಂಬತ್ತು ಸಲ ದಾಟುವವರೆಗೆ ಮೂರನೆಯ ಬೆಟ್ಟ ಹತ್ತಬೇಡಿ.