ಹಿಮನದಿಯ ಹರಕೆ, ನಮ್ಮ ಬೆಟ್ಟದ ಹುಲ್ಲು



ಸ್ವಿಟ್ಜರ್‌ಲೆಂಡಿನ ಆಲ್ಪ್ಸ್ ಪರ್ವತಗಳಲ್ಲಿ ಫೀಶ್ ಎಂಬ ಕಥೋಲಿಕ ಊರಿದೆ. ಅದರ ಮೇಲ್ಭಾಗದಲ್ಲಿರುವುದು ಅಲೆಚ್ ಹಿಮನದಿ. ಸುಮಾರು 20 ಕಿ.ಮೀ. ಉದ್ದದ ಇದು ಆಲ್ಪ್ಸ್‌ನಲ್ಲೇ ದೊಡ್ಡದು. ಹಿಂದೆ ಈ ಮಂಜು ಬೆಳೆಯುತ್ತಾ ಕೆಳಗಿಳಿಯುತ್ತಿತ್ತು. ಅದರ ಅಂಚಿನ ಕೆರೆ ಉಕ್ಕಿ ಹರಿದು ಕಣಿವೆಯ ಊರುಗಳನ್ನು ಮುಳುಗಿಸುತ್ತಿತ್ತು. ಆಗ ಊರಿನವರು 1678ರಲ್ಲಿ ಒಂದು ಹರಕೆ ಹೊತ್ತರು: ನಾವು ಸದಾಚಾರದಿಂದ ಬಾಳುತ್ತೇವೆ, ದೇವರು ಈ ಮಂಜನ್ನು ತಡೆಯಲಿ. 1862ರಿಂದ ಇದಕ್ಕಾಗಿ ವರ್ಷಕ್ಕೊಮ್ಮೆ ಮೆರವಣಿಗೆಯನ್ನೂ ನಡೆಸಿದರು.

ಕಾಲ ಬದಲಾಯಿತು. ಭೂಮಿಯ ತಾಪ ಏರಿ ಮಂಜು ಕರಗತೊಡಗಿತು. ಬೇಸಿಗೆಯಲ್ಲಿ ಹೊಳೆಗೆ ನೀರು ಕೊಡುವ ಮಂಜೇ ಇಲ್ಲವಾದರೆ ಗತಿಯೇನೆಂದು ಅವರೇ ಚಿಂತೆಗೊಳಗಾದರು. ಹರಕೆಯನ್ನು ತಿರುಗಿಸಲು ರೋಮ್‌ನ ಅನುಮತಿ ಬೇಡಿದರು. 2010ರಲ್ಲಿ ಅನುಮತಿ ದೊರೆಯಿತು. ಈಗ ಮಂಜು ಉಳಿಯಲಿ ಎಂದು ಪ್ರಾರ್ಥಿಸುತ್ತಾರೆ. ಆದರೂ ಕರಗುವುದು ನಿಂತಿಲ್ಲ. 2022 ಮತ್ತು 2023, ಈ ಎರಡೇ ವರ್ಷಗಳಲ್ಲಿ ಸ್ವಿಟ್ಜರ್‌ಲೆಂಡಿನ ಹಿಮನದಿಗಳು ತಮ್ಮ ಗಾತ್ರದ ಸುಮಾರು ಶೇ. 10ರಷ್ಟನ್ನು ಕಳೆದುಕೊಂಡವು.

ಕೂನೂರಿನಲ್ಲಿರುವ ನಮಗೂ ಇದಕ್ಕೂ ಏನು ಸಂಬಂಧ? 2,637 ಮೀಟರ್ ಎತ್ತರದ ದೊಡ್ಡಬೆಟ್ಟದಲ್ಲೂ ಹಿಮನದಿ ಇಲ್ಲ. ಆದರೆ ಅಲ್ಲಿ ಮಂಜು ಮಾಡುವ ಕೆಲಸವನ್ನು ಇಲ್ಲಿ ಹುಲ್ಲುಗಾವಲು, ಶೋಲಾ ಕಾಡು ಮತ್ತು ಜೌಗು ನೆಲ ಮಾಡುತ್ತವೆ. ಮಳೆಗಾಲದ ನೀರನ್ನು ಮಣ್ಣು ಹತ್ತಿಯಂತೆ ಹೀರಿಕೊಳ್ಳುತ್ತದೆ, ಬೇಸಿಗೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ. ಕೂನೂರು ಹೊಳೆ ಭವಾನಿಗೆ ಸೇರುತ್ತದೆ, ಭವಾನಿ ಕಾವೇರಿಗೆ. ನಮ್ಮ ಬೆಟ್ಟದ ಹುಲ್ಲು ಕೆಳಗಿನ ಬಯಲಿನ ರೈತನ ಬಾವಿಗೂ ಸಂಬಂಧಪಟ್ಟದ್ದು.

ಈ ಹುಲ್ಲು ಬಹಳಷ್ಟು ಹೋಗಿದೆ. ಬ್ರಿಟಿಷರ ಕಾಲದಲ್ಲಿ ಆಸ್ಟ್ರೇಲಿಯಾದಿಂದ ವ್ಯಾಟಲ್ ಮತ್ತು ಯೂಕಲಿಪ್ಟಸ್ ಮರಗಳು ಬಂದವು. ಕನ್ನಡದಲ್ಲಿ ನಾವು 'ನೀಲಗಿರಿ ಮರ' ಎನ್ನುವುದು ನೀಲಗಿರಿಯದಲ್ಲ! ಊಟಿಯ ಮಣ್ಣು ಮತ್ತು ನೀರು ಸಂರಕ್ಷಣಾ ಸಂಶೋಧನಾ ಕೇಂದ್ರದವರು ಗ್ಲೆನ್‌ಮಾರ್ಗನ್‌ನಲ್ಲಿ ಹುಲ್ಲುಗಾವಲಿನ ಒಂದು ಭಾಗದಲ್ಲಿ ಈ ಮರ ನೆಟ್ಟು ಅಳೆದು ನೋಡಿದರು. ಮೊದಲ ಹತ್ತು ವರ್ಷಗಳಲ್ಲೇ ಹೊಳೆಯ ಹರಿವು ಸುಮಾರು ಶೇ. 16ರಷ್ಟು ಇಳಿಯಿತು.

ಇನ್ನೊಂದು ಕಡೆ, ಮಳೆ ಒಂದೇ ಸಲ ಸುರಿಯುತ್ತದೆ. 2009ರ ನವೆಂಬರ್‌ನಲ್ಲಿ ಕೇತಿಯಲ್ಲಿ, 2019ರ ಆಗಸ್ಟ್‌ನಲ್ಲಿ ಅವಲಾಂಚಿಯಲ್ಲಿ ಒಂದೇ ದಿನಕ್ಕೆ 800 ಮಿ.ಮೀ.ಗೂ ಹೆಚ್ಚು ಮಳೆಯಾಯಿತು. 2009ರ ಭೂಕುಸಿತಗಳಲ್ಲಿ ಸತ್ತವರ ಮನೆಗಳ ದುಃಖ ನಮ್ಮಲ್ಲಿ ಅನೇಕರಿಗೆ ಗೊತ್ತು. ನವೆಂಬರ್‌ನಲ್ಲಿ ಮನೆ ಕೊಚ್ಚಿಕೊಂಡು ಹೋಗುವುದು, ಏಪ್ರಿಲ್‌ನಲ್ಲಿ ಕೊಡ ಹಿಡಿದು ಕಾಯುವುದು, ಎರಡೂ ಒಂದೇ ಬೆಟ್ಟದಲ್ಲಿ.

ಬಲಿಪೂಜೆಯ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ನಾವು ಮಳೆಗಾಗಿ ಬೇಡುತ್ತೇವೆ. ಬೇಡಬೇಕಾದದ್ದೇ. ಆದರೆ ಬಂದ ಮಳೆಯನ್ನು ಹಿಡಿದಿಡುವ ನೆಲಕ್ಕಾಗಿಯೂ ಬೇಡಬೇಡವೇ? ಕಣಿವೆಗಳಲ್ಲಿ ಬುಗ್ಗೆಗಳನ್ನು ಹರಿಸುವವರು ದೇವರೇ ಎಂದು 104ನೇ ಕೀರ್ತನೆ ಹಾಡುತ್ತದೆ. ತೋಟವನ್ನು ವ್ಯವಸಾಯ ಮಾಡುವುದಷ್ಟೇ ಅಲ್ಲ, ಕಾಯುವುದೂ ಮನುಷ್ಯನ ಕೆಲಸವೆಂದು ಆದಿಕಾಂಡ (2:15) ತಿಳಿಸುತ್ತದೆ. ಶುದ್ಧ ಕುಡಿಯುವ ನೀರು ಪ್ರತಿಯೊಬ್ಬರ ಮೂಲಭೂತ ಹಕ್ಕೆಂದು ವಿಶ್ವಗುರು ಫ್ರಾನ್ಸಿಸ್‌ರವರು 2015ರ 'ಲೌದಾತೋ ಸಿ' ವಿಶ್ವಪತ್ರದಲ್ಲಿ ಬೋಧಿಸಿದರು.

ಫೀಶಿನವರ ಹರಕೆಯಲ್ಲಿ ಎರಡು ಭಾಗಗಳಿದ್ದವು: ಪ್ರಾರ್ಥನೆ ಒಂದು, ಸದಾಚಾರದ ಬಾಳು ಇನ್ನೊಂದು. ಪ್ರಾರ್ಥನೆಯನ್ನು ಬದಲಿಸಲು ಅನುಮತಿ ಪಡೆದರು. ಸದಾಚಾರದ ಬಾಳಿನಿಂದ ಬಿಡುಗಡೆ ಕೇಳಲಿಲ್ಲ. ತೋಟದಲ್ಲಿ ದುಡಿದು ಬದುಕುವ ನಮ್ಮಿಂದ ಚಹಾ ಗಿಡಗಳನ್ನು ಕೀಳಲು ಆಗದು. ಆದರೆ ಹೊಳೆಯಂಚಿನ ಜೌಗನ್ನು ಮಣ್ಣು ಹಾಕಿ ಮುಚ್ಚದಿರಬಹುದು. ಮಳೆನೀರಿನ ದಾರಿಗೆ ಅಡ್ಡವಾಗಿ ಗೋಡೆ ಕಟ್ಟದಿರಬಹುದು. ಗಿಡ ನೆಡುವಾಗ ಶೋಲಾ ಕಾಡಿನ ಸಸಿಯನ್ನೇ, ಅದೂ ಹುಲ್ಲುಗಾವಲನ್ನು ಬಿಟ್ಟು, ನೆಡಬಹುದು.

ಕುಟುಂಬ ಪ್ರಾರ್ಥನೆಯಲ್ಲಿ ಚರ್ಚಿಸಲು:
1. ನಮ್ಮ ಮನೆಗೆ ಬರುವ ನೀರು ಯಾವ ಹೊಳೆಯದು? ಅದರ ಮೂಲ ಎಲ್ಲಿದೆ?
2. ಹಿರಿಯರು ಕಂಡಿದ್ದ ಯಾವ ಬುಗ್ಗೆ ಈಗ ಬತ್ತಿದೆ? ಏಕೆ?
3. ನಮ್ಮ ಪ್ರಾರ್ಥನೆಯಲ್ಲಿ, ನಮ್ಮ ನಡತೆಯಲ್ಲಿ ಬದಲಾಗಬೇಕಾದದ್ದು ಯಾವುದು?

ಪ್ರಾರ್ಥಿಸೋಣ: ಸೃಷ್ಟಿಕರ್ತರಾದ ದೇವರೇ, ನೀವು ಕೊಟ್ಟ ಬೆಟ್ಟವನ್ನು ಕಾಯುವ ಮನಸ್ಸನ್ನು ನಮಗೆ ಕೊಡಿರಿ. ನಮ್ಮ ಕೆಳಗಿನ ಊರುಗಳಲ್ಲಿ ವಾಸಿಸುವ ನೆರೆಯವರನ್ನು ನಾವು ಮರೆಯದಂತೆ ಮಾಡಿರಿ. ಆಮೆನ್.